ದೋಣಿಮೂಲೆ ತಗ್ಗಿಗೆ ಬೇಕಾಗಿದ್ದ ಗಂಟಲು

ನಾನು ನಿವೃತ್ತನಾದಾಗ ನನಗೆ ಮೂವತ್ತೊಂದು ವರ್ಷ. ಬೀಳ್ಕೊಡುಗೆ ಸಮಾರಂಭ ನಡೆಯಲಿಲ್ಲ. ನಡೆದಿದ್ದರೆ ಅದರ ಅನೌನ್ಸ್‌ಮೆಂಟಿಗೂ ನಾಗಭೂಷಣನನ್ನೇ ಕರೆಯುತ್ತಿದ್ದರು. ಆದ್ದರಿಂದ ನಡೆಯದೆ ಇದ್ದದ್ದೇ ವಾಸಿ.

ನನ್ನ ಕೆಲಸ ಕೂಗುವುದು. ಆಟೋದ ನೆತ್ತಿಗೆ ಹಾರ್ನ್ ಸ್ಪೀಕರ್ ಕಟ್ಟಿಕೊಂಡು, ಡ್ರೈವರ್ ಪಕ್ಕದಲ್ಲಿ ಅರ್ಧ ಕುಂಡೆ ಊರಿ ಕೂತು, ನಂಜನಗೂಡು ತಾಲ್ಲೂಕಿನ ಊರೂರು ಸುತ್ತಿ, ಆ ಕಡೆ ತಿ. ನರಸೀಪುರದ ಸಂತೆಮಾಳದ ತನಕ ಹೋಗಿ, ಕಣ್ಣಿನ ಕ್ಯಾಂಪು, ಸೀರೆ ಸೇಲು, ಕರೆಂಟ್ ಕಟ್ಟು, ಕಳೆದುಹೋದ ಎಮ್ಮೆ, ತೀರಿಹೋದ ಯಜಮಾನರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಸಾರುವುದು. ಈಗ ಅದನ್ನು ಪೆನ್‌ಡ್ರೈವ್ ಸಾರುತ್ತದೆ. ಇನ್ನೂ ಈಚೆಗೆ ಕಂಪ್ಯೂಟರಿಗೆ ಟೈಪ್ ಮಾಡಿಕೊಟ್ಟರೆ ಅದೇ ಮಾತಾಡುತ್ತದೆ. ಕೆಮ್ಮುವುದಿಲ್ಲ, ಟೀ ಕೇಳುವುದಿಲ್ಲ, ಮೋಡ ಕಂಡರೆ ‘ನಾಳೆ ಹೋಗೋಣ’ ಅನ್ನುವುದಿಲ್ಲ. ಅದನ್ನು ಕಂಡರೂ ನನಗೆ ಹೊಟ್ಟೆಕಿಚ್ಚೇ. ಆದರೆ ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಡುವುದರಲ್ಲಿ ರುಚಿ ಇಲ್ಲ. ಅದು ತಿರುಗಿ ನೋಡುವುದಿಲ್ಲ.

ಈಗ ನಾನು ಮಾವನ ಬಾಳೆಮಂಡಿಯಲ್ಲಿ ಕೂತಿದ್ದೇನೆ. ಆಗಾಗ ಕಾಲೇಜು ಮುಗಿಸಿದವರು ಮೊಬೈಲ್ ಹಿಡಿದುಕೊಂಡು ಬಂದು, “ಅಣ್ಣ, ವಾಯ್ಸ್ ಫೀಲ್ಡಿಗೆ ಬರ್ಬೇಕು ಅಂತ ಆಸೆ, ನಿಮ್ಮ ಎಕ್ಸ್‌ಪೀರಿಯನ್ಸ್ ಏಳಿ” ಅನ್ನುತ್ತಾರೆ. ನನ್ನ ಎಕ್ಸ್‌ಪೀರಿಯನ್ಸ್ ಎಂದರೆ ಬಹುಪಾಲು ಇನ್ನೊಬ್ಬನ ಗಂಟಲನ್ನು ಕಂಡು ಉರಿದದ್ದು. ಅದೂ ಒಂದು ವಿದ್ಯೆಯೇ. ಬರೆದಿಡುತ್ತೇನೆ.

ನನ್ನನ್ನು ಕೆಲಸಕ್ಕಿಟ್ಟುಕೊಂಡವರು ಪುಟ್ಟಮಾದಪ್ಪನವರು. ನಂಜನಗೂಡು ಬಸ್ ಸ್ಟ್ಯಾಂಡಿನ ಹಿಂದೆ ಅವರ ಮೈಕ್‌ಸೆಟ್ ಅಂಗಡಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ; ಆದ್ದರಿಂದ ಅವರ ಆಡಳಿತವೆಲ್ಲ ‘ಉಂ’, ‘ಊಂ’, ‘ಉಹುಂ’ ಇಷ್ಟರಲ್ಲೇ ನಡೆಯುತ್ತಿತ್ತು. ಕೆಲಸ ಕೇಳಲು ಹೋದ ದಿನ ನಾನು ಅವರ ಮುಂದೆಯೇ ಕೆನ್ನೆ ಉಬ್ಬಿಸಿಕೊಂಡು ಆ ಆಡಳಿತವನ್ನು ಅಣಕಿಸಿ ತೋರಿಸಿದೆ. ಎದ್ದು ಹೋಗಿ ಉಗಿದು ಬಂದರು. ನನ್ನನ್ನು ಉಗಿಯುತ್ತಾರೆ ಅಂದುಕೊಂಡೆ. “ನಾಳಿಂದ ಬಾ” ಅಂದರು. ಇಂಟರ್‌ವ್ಯೂ ಮುಗಿಯಿತು.

ಅಣಕ ನನಗೆ ಹುಟ್ಟಿನಿಂದ ಬಂದದ್ದು. ನಮ್ಮೂರು ಚಿಕ್ಕಯ್ಯನಛತ್ರದ ಮಗ್ಗುಲು. ಲೆಕ್ಕದ ಮೇಷ್ಟ್ರು ಮೂಗು ಎಳೆಯುವುದು, ಡೈರಿ ಸೆಕ್ರೆಟರಿ ಹಾಲಿಗೆ ಬೆರಳದ್ದಿ ಅನುಮಾನ ಪಡುವುದು, ನಮ್ಮಪ್ಪ ಸೀನುವ ಮುಂಚೆ ಆಕಾಶ ನೋಡುವುದು, ಎಲ್ಲ ಬರುತ್ತಿತ್ತು. ಬರದೆ ಇದ್ದದ್ದು ಒಂದೇ ಒಂದು ಅಕ್ಷರ: ಹ.

ನಮ್ಮ ಕಡೆ ಹಳ್ಳಿ ಅಂದರೆ ಅಳ್ಳಿ, ಹಾಲು ಅಂದರೆ ಆಲು, ಹೊಳೆ ಅಂದರೆ ಒಳೆ. ಹಾಗಂತ ಹಾಲು ಕೆಡುವುದಿಲ್ಲ, ಹೊಳೆ ನಿಲ್ಲುವುದಿಲ್ಲ. ಕಷ್ಟ ಶುರುವಾಗುವುದು ಮೈಕು ಕೈಗೆ ಬಂದಾಗ. ಮೈಕು ಅಂದರೆ ಮರ್ಯಾದೆ, ಮರ್ಯಾದೆ ಅಂದರೆ ಶುದ್ಧ ಭಾಷೆ, ಶುದ್ಧ ಭಾಷೆ ಅಂದರೆ ಹ. ಆಗ ನಮ್ಮವರು ಅಜ್ಜನ ಕಾಲದಿಂದ ಬಿಟ್ಟ ಹ-ಗಳನ್ನೆಲ್ಲ ಒಂದೇ ಏಟಿಗೆ ಬಾಯಿಗೆ ತುಂಬಿಕೊಂಡು, ಬೇಕಾದ ಕಡೆ ಬೇಡವಾದ ಕಡೆ ಉದುರಿಸುತ್ತಾರೆ.

ನಾನು ಉದುರಿಸಿದ್ದು ಕವಲಂದೆಯಲ್ಲಿ. ರೇಷನ್ ಅಂಗಡಿಯವರ ಪರವಾಗಿ, “ಮಹಾಜನಗಳೇ, ನಾಳೆ ನಿಮ್ಮ ನ್ಯಾಯಬೆಲೆ ಹಂಗಡಿಯಲ್ಲಿ ಹುಚಿತವಾಗಿ ಹಕ್ಕಿ ಕೊಡಲಾಗುವುದು” ಎಂದು ಊರೆಲ್ಲ ಸುತ್ತಿದೆ. ಮಾರನೆಯ ದಿನ ಒಬ್ಬ ಮುದುಕಪ್ಪ ಚೀಲದ ಬದಲು ಕುಕ್ಕೆ ಹಿಡಿದುಕೊಂಡು ಕ್ಯೂನಲ್ಲಿ ನಿಂತಿದ್ದ. “ಯಾವ ಅಕ್ಕಿ ಸಾ? ಗೌಜ್ಲೋ ಪಾರ್ವಾಳವೋ?” ಎಂದು ಅಂಗಡಿಯವನನ್ನು ಕೇಳಿದನಂತೆ. ಅವನ ಬಾಯಲ್ಲಿ ಎರಡೂ ಅಕ್ಕಿಯೇ. ಆದರೂ ನಾನು ಕೂಗಿದ ಹ ಮಾತ್ರ ಅವನ ಕಿವಿಯಲ್ಲಿ ಹಾರಾಡುತ್ತಿತ್ತು. ಸಂಜೆ ಪುಟ್ಟಮಾದಪ್ಪನವರು ‘ಉಹುಂ’ ಅಂದರು. ಬಹಳ ಉದ್ದದ ಉಹುಂ.

ಈ ಘಟನೆಯ ಮರುವರ್ಷವೇ ಅವರು ನಾಗಭೂಷಣನನ್ನು ಕರೆತಂದರು. ತಿ. ನರಸೀಪುರದ ಕಡೆಯವನು, ಮೈಸೂರಿನಲ್ಲಿ ಓದಿದವನು, ಇಸ್ತ್ರಿ ಶರಟಿನವನು. ಅವನ ಹ ಹೇಗಿತ್ತೆಂದರೆ, ಚಳಿಗಾಲದ ಬೆಳಗ್ಗೆ ಕಾಫಿ ಲೋಟದಿಂದ ಏಳುವ ಹಬೆಯ ಹಾಗೆ. ಕೈ ಚಾಚಿದರೆ ಬೆಚ್ಚಗಾಗಬೇಕು. ಅವನು ‘ಹಿರಿಯರೇ’ ಎಂದರೆ ಜಗಲಿಯ ಮೇಲೆ ಕೂತ ಹಿರಿಯರು ಇನ್ನೂ ಸ್ವಲ್ಪ ಹಿರಿಯರಾಗಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ನಾನು ಅಂದರೆ, “ಏನ್ಲಾ ಮಾದೇಸ, ಇವತ್ತು ಯಾರ್ ಎಮ್ಮೆ?” ಅನ್ನುತ್ತಿದ್ದರು. ನನ್ನ ಹೆಂಡತಿ ರೂಪ, ಆಗಿನ್ನೂ ಹೆಂಡತಿಯಲ್ಲ, ಅವನ ಆಟೋ ಬಂದರೆ ಬಾಗಿಲಿಗೆ ಬರುತ್ತಿದ್ದಳಂತೆ, ನನ್ನದು ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳಂತೆ. ಯಾರೋ ಚಾಡಿ ಹೇಳಿದ್ದಲ್ಲ. ಮದುವೆಯಾದ ಮೇಲೆ ಅವಳೇ, ಸಾರು ಬಡಿಸುತ್ತಾ ಹೇಳಿದ್ದು.

ಇನ್ನೊಂದು ಕೇಳಿ. ಕವಲಂದೆಯ ಕಡೆ ಒಬ್ಬ ದೊಡ್ಡ ಗೌಡರು, ಇನ್ನೂ ಗಟ್ಟಿಮುಟ್ಟಾಗಿ ರಾಗಿಮುದ್ದೆ ನುಂಗುತ್ತಿದ್ದವರು, ನನ್ನ ಆಟೋ ತಡೆದು ನಿಲ್ಲಿಸಿ ಹೇಳಿದರು: “ನಿಮ್ ಸಾವ್ಕಾರ್ಗೆ ಏಳ್ಲಾ. ನಾ ಸತ್ರೆ ಆ ನಾಗಭೂಸಣನೇ ಕೂಗ್ಬೇಕು. ಈಗ್ಲೇ ಬುಕ್ ಮಾಡ್ಕಳಕ್ಕೆ ಏಳು.”

“ಯಾಕ್ ಗೌಡ್ರೇ, ನಾನೇನ್ ಕಮ್ಮಿ?”

“ನೀ ಕೂಗುದ್ರೆ ಜನ ನಗ್ತರೆ ಕಣ್ಲಾ. ನಾನೂ ಎದ್ ಕುತ್ಕಬುಡ್ತೀನಿ.”

ಇದು ಹೊಗಳಿಕೆಯೋ ಬೈಗುಳವೋ ಎಂದು ಅವತ್ತು ಊಟ ಮಾಡುವಾಗಲೂ ಯೋಚಿಸಿದೆ. ನಾಗಭೂಷಣನ ಗಂಟಲು ಕಟ್ಟಲಿ ಎಂದು ಒಮ್ಮೆ ಮಳೆಯಲ್ಲಿ ಐಸ್‌ಕ್ರೀಂ ಕೊಡಿಸಿದೆ. ಅನುಮಾನ ಬಾರದಿರಲಿ ಅಂತ ನಾನೂ ತಿಂದೆ. ಅವನು “ಥ್ಯಾಂಕ್ಸ್ ಮಾದೇಶ” ಎಂದ. ಮಾರನೆಯ ದಿನ ಅವನ ಕಂಠ ಇನ್ನಷ್ಟು ನುಣ್ಣಗೆ ಹೊರಟಿತು. ನಾನು ವಾರ ಪೂರ್ತಿ ಕಷಾಯ ಕುಡಿದೆ. ಕೆಟ್ಟ ಮನುಷ್ಯನಾಗಿದ್ದರೆ ದ್ವೇಷಿಸಬಹುದಿತ್ತು. ಅವನು ಒಳ್ಳೆಯವನು. ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವವನಿಗೆ ವಿಶ್ರಾಂತಿಯೇ ಇಲ್ಲ.

ಹೀಗಿರುವಾಗ ದೋಣಿಮೂಲೆಯ ಗಲಾಟೆ ಬಂತು.

ನಂಜನಗೂಡಿನಿಂದ ನರಸೀಪುರಕ್ಕೆ ಕಪಿಲೆಯ ಪಕ್ಕದಲ್ಲಿ ಹೋಗುವ ರಸ್ತೆ ಒಂದು ಕಡೆ ಬೋಗುಣಿಯಂತೆ ತಗ್ಗಾಗುತ್ತದೆ. ಹಿಂದೆ ಅಲ್ಲಿ ದೋಣಿ ಕಟ್ಟುತ್ತಿದ್ದರಂತೆ, ಅದಕ್ಕೇ ದೋಣಿಮೂಲೆ. ಮೇಲೆ ಡ್ಯಾಮಿನಿಂದ ನೀರು ಬಿಟ್ಟರೆ ಹೊಳೆ ಮೊದಲು ರಸ್ತೆಗೆ ಬರುವುದು ಅಲ್ಲಿ. ತೀರಾ ಬಂದರೆ ರಸ್ತೆಯನ್ನೇ ಮುಚ್ಚುತ್ತಾರೆ, ಆಗ ತಕರಾರಿಲ್ಲ. ಆದರೆ ಮಳೆಗಾಲದ ಎಷ್ಟೋ ದಿನ ಬರೀ ಪಾದ ಮುಳುಗುವಷ್ಟು, ಮೊಣಕಾಲಿಗೆ ಮುಟ್ಟುವಷ್ಟು ನಿಂತಿರುತ್ತದೆ. ಬಸ್ಸು ಲಾರಿಗಳು ಓಡಾಡುತ್ತಲೇ ಇರುತ್ತವೆ. ತಕರಾರು ಅಲ್ಲಿಯದು.

ಅದನ್ನು ನನಗೆ ಬಿಡಿಸಿ ಹೇಳಿದವಳು ಸುಂದ್ರಮ್ಮ. ಗಂಡ ಇಲ್ಲ, ಸೀಮೆಹಸು ಕಟ್ಟಿಕೊಂಡು ಹಾಲು ಹಾಕಿ ಬದುಕುವ ಹೆಂಗಸು. ತಗ್ಗಿನ ಪಕ್ಕದಲ್ಲೇ ಅವಳ ಮಣ್ಣುಗೋಡೆಯ ಮನೆ.

“ಒಳೆ ಮರ್ವಾದಸ್ತೆ ಕಣಪ್ಪ,” ಅಂದಳು. “ಒಸ್ಲು ತಂಕ ಬತ್ತದೆ, ನಿಂತ್ಕತದೆ, ವಾಪಸ್ ಓಯ್ತದೆ. ಈ ಬಸ್ಸುಗೋಳು ಬಂದ್ರೆ ಅದೇ ನೀರ್ನ ದಬ್ಕೊಂಡ್ ಬಂದು ಅಡ್ಗೆಮನೆಗೆ ನುಗ್ಗುಸ್ತವೆ. ಒಳೆಗಿರೋ ನಾಚ್ಕೆ ಡ್ರೈವರ್‌ಗಿಲ್ಲ.”

ಬಸ್ಸು ಎಬ್ಬಿಸಿದ ಅಲೆ ಪ್ರತಿ ಮಳೆಗಾಲವೂ ಆ ಗೋಡೆಯ ಬುಡವನ್ನು ಸ್ವಲ್ಪ ಸ್ವಲ್ಪವೇ ನೆಕ್ಕುತ್ತಾ ಬಂದಿತ್ತು. ಈಗ ಗೋಡೆ ಕೆಳಗೆ ಸಣ್ಣಗೆ, ಮೇಲೆ ದಪ್ಪಗೆ, ಹುಲ್ಲುಹೊರೆ ಹೊತ್ತ ಮುದುಕಿಯ ಹಾಗೆ ನಿಂತಿತ್ತು. ಇನ್ನೊಂದು ಮಳೆಗಾಲ ಹೀಗೇ ಹೋದರೆ ಗೋಡೆ ಕೂರುತ್ತದೆ, ಗೋಡೆ ಕೂತರೆ ಮಾಡು ಕೂರುತ್ತದೆ. ಅದಕ್ಕೆ ಅವಳು ಕಂಡುಕೊಂಡಿದ್ದ ಉಪಾಯ ಒಂದೇ. ಸೀರೆ ಎತ್ತಿ ಕಟ್ಟಿ ನೀರಲ್ಲಿ ನಿಂತು, ಬಸ್ಸು ಕಂಡ ತಕ್ಷಣ ಕೈ ಅಡ್ಡ ಹಿಡಿದು ಕೂಗುವುದು: “ಲೇ ಮಗಾ! ಒಳೆ ಬಂದದೆ, ಮೆಲ್ಗೋಗ್ಲಾ!” ಬಸ್ಸು ನಿಧಾನವಾಗುತ್ತಿತ್ತು. ಆದರೆ ಮಂಡಿನೋವಿನ ಹೆಂಗಸು ದಿನವೆಲ್ಲ ನೀರಲ್ಲಿ ಎಷ್ಟು ಹೊತ್ತು ನಿಂತಾಳು? ಹಾಲು ಕರೆಯಲು ಒಳಗೆ ಹೋದಳೋ, ಬಸ್ಸು ಬಂತು, ಅಲೆ ಬಂತು, ಗೋಡೆಯ ಒಂದು ಹಿಡಿ ಮಣ್ಣು ಹೋಯಿತು.

ಹಾಲಿನ ಸಂಘದ ಹೆಂಗಸರು ಸೇರಿ, ಆ ತಗ್ಗಿನಲ್ಲಿ ವೇಗದ ಮಿತಿಯನ್ನು ಐವತ್ತರಿಂದ ಮೂವತ್ತಕ್ಕೆ ಇಳಿಸಿ ಎಂದು ಅರ್ಜಿ ಹಾಕಿದರು. ಬಸ್ಸಿನವರು ಕೂಡದು ಎಂದರು. ಪಂಚಾಯ್ತಿಯವರು ಸಭೆ ಕರೆದರು. ಎರಡು ಪಾರ್ಟಿಯೂ ಪ್ರಚಾರಕ್ಕೆ ಪುಟ್ಟಮಾದಪ್ಪನವರ ಅಂಗಡಿಗೇ ಬಂದವು. ಅವರು ಇಬ್ಬರಿಗೂ ‘ಊಂ’ ಅಂದರು. ನನ್ನನ್ನು ಹಾಲಿನವರ ಆಟೋಗೆ ಹತ್ತಿಸಿದರು, ನಾಗಭೂಷಣನನ್ನು ಬಸ್ಸಿನವರ ಆಟೋಗೆ.

ಆ ವಾರ ನಾನು ಬಸ್ಸು ಬರುವ ಸದ್ದು, ಅಲೆ ಏಳುವ ಸದ್ದು, ಅಡಿಗೆಮನೆಯ ಪಾತ್ರೆ ತೇಲುವ ಸದ್ದು, ಪಾತ್ರೆಯೊಳಗೆ ಕೂತ ಕೋಳಿಯ ಸದ್ದು ಎಲ್ಲ ಮಾಡಿ ತೋರಿಸಿದೆ. ಜನ ನನ್ನ ಆಟೋದ ಹಿಂದೆ ನಗುತ್ತಾ ಬಂದರು. ಅವನ ಆಟೋದ ಮುಂದೆ ತಲೆಯಾಡಿಸುತ್ತಾ ನಿಂತರು. ಒಂದು ಮೋರಿಯ ಹತ್ತಿರ ಎರಡು ಆಟೋ ಎದುರುಬದುರಾದವು. ದಾರಿ ಕಿರಿದು. ಅವನು ಮೈಕಿನಲ್ಲೇ, “ಹಾಲು ಉತ್ಪಾದಕರ ವಾಹನ ದಯವಿಟ್ಟು ಮೊದಲು ಹಾದುಹೋಗಲಿ” ಎಂದ. ಗದ್ದೆಯಲ್ಲಿ ಕಳೆ ಕೀಳುತ್ತಿದ್ದವರು ಎದ್ದು ನಿಂತು ಅವನ ದೊಡ್ಡತನ ನೋಡಿದರು. ಹಾದುಹೋದವನ ಮುಖ ಯಾರೂ ನೋಡಲಿಲ್ಲ.

ಸಭೆ ಸ್ಕೂಲಿನ ಅಂಗಳದಲ್ಲಿ. ಮೊದಲು ಎದ್ದವನು ಜವರಾಯಿ, ತಲಕಾಡಿಗೆ ಹೋಗುವ ಪ್ರೈವೇಟ್ ಬಸ್ಸಿನ ಡ್ರೈವರ್.

“ಸಾ, ನಂಗೂ ಸುಂದ್ರಮ್ಮಂಗೂ ಜಗ್ಳಿಲ್ಲ. ಆದ್ರೆ ಟೈಮಿಂಗ್ ಅನ್ನೋದು ದೆವ್ವ ಸಾ. ನಾನಿಲ್ಲಿ ಮೂವತ್ತಲ್ಲಿ ಓದ್ರೆ ಇಂದ್ಗಡೆ ಬರೋನು ನನ್ ಮುಂದ್ಕೋಯ್ತನೆ, ಮುಂದಿನ್ ಸ್ಟಾಪಿನ್ ಜನವೆಲ್ಲ ಅವನ್ಗೇ. ಆಮೇಲೆ ನಾ ಖಾಲಿ ಬಸ್ ಓಡುಸ್ಲಾ?”

“ಓಡ್ಸು,” ಎಂದು ಹಿಂದಿನಿಂದ ಹಾಲಿನ ಹೆಂಗಸೊಬ್ಬಳು ಕೂಗಿದಳು. “ಖಾಲಿ ಬಸ್ಸು ಅಗೂರಾಗಿರ್ತದೆ. ಅಲೆನೂ ಸಣ್ದಾಯ್ತದೆ.”

ಒಬ್ಬರು ರಸ್ತೆಗೆ ಹಂಪ್ ಹಾಕಿ ಅಂದರು. ರಸ್ತೆ ಇಲಾಖೆಯ ಇಂಜಿನಿಯರ್ ಸಾಹೇಬರು, ನಿಧಾನಸ್ಥ ಮನುಷ್ಯ, ತಲೆ ಅಲ್ಲಾಡಿಸಿದರು. “ನೀರೊಳಗೆ ಹಂಪ್ ಕಾಣಲ್ಲ ಕಣ್ರೀ. ಬೈಕಿನವರು ಮಗುಚಿಕೊಳ್ತಾರೆ. ರಸ್ತೆ ಎತ್ತರಿಸೋಕೆ ಪ್ರಪೋಸಲ್ ಹೋಗಿದೆ.”

“ಓಗಿ ಎಲ್ ಕುಂತದೆ ಸಾ?”

ಸಾಹೇಬರು ಟೀ ಕುಡಿದರು.

ಆಮೇಲೆ ಸುಂದ್ರಮ್ಮನನ್ನು ಕರೆದರು. ಬಸ್ಸಿಗೆ ಅಡ್ಡ ನಿಲ್ಲುವ ಹೆಂಗಸು ಮೈಕಿನ ಮುಂದೆ ಸೆರಗು ಮುದುಡಿಕೊಂಡು ನಿಂತಳು. ಬಾಯಿ ತೆರೆದಳು. ನಾನು ಹೆದರಿದ್ದೇ ಆಯಿತು.

“ಹೆಲ್ಲಾರ್ಗೂ ನಮಸ್ಕಾರ. ನನ್ ಮನೆ ಹಲ್ಲಿ...”

“ಮನೆ ಅಲ್ಲಿ ಎಲ್ರ್ ಮನೇಲೂ ಅದೆ ಬುಡವ್ವ, ಗ್ವಾಡೆ ಸುದ್ದಿ ಏಳು!” ಎಂದು ಯಾರೋ ಕೂಗಿದರು. ಅಂಗಳವೆಲ್ಲ ಗೊಳ್ಳೆಂದಿತು. ಗೋಡೆಯ ಸುದ್ದಿ ಅವಳ ಬಾಯಿಂದ ಹೊರಡಲೇ ಇಲ್ಲ, ಹೋಗಿ ಕೂತುಬಿಟ್ಟಳು. ನಾನೊಬ್ಬ ನಗಲಿಲ್ಲ. ಊರಿಗೆಲ್ಲ ಉಚಿತವಾಗಿ ಹಕ್ಕಿ ಹಂಚಿದವನು ಹಲ್ಲಿಗೆ ನಗಬಾರದು.

ಅವಳ ಹಿಂದೆಯೇ ನಾಗಭೂಷಣ ಎದ್ದು ಬಸ್ಸಿನವರ ಹೇಳಿಕೆ ಓದಿದ. ಎಷ್ಟು ಚೆನ್ನಾಗಿ ಓದಿದನೆಂದರೆ, ತಮ್ಮ ವಿರುದ್ಧದ ಮಾತು ಅನ್ನುವುದನ್ನೂ ಮರೆತು ಹಾಲಿನ ಹೆಂಗಸರೂ ಚಪ್ಪಾಳೆ ತಟ್ಟಿದರು.

ಕೊನೆಗೆ ಇಂಜಿನಿಯರ್ ಒಂದು ಮಧ್ಯದ ದಾರಿ ಹೇಳಿದರು. “ಈ ಮಳೆಗಾಲ ಪರೀಕ್ಷೆಗೆ ಮೂವತ್ತರ ಬೋರ್ಡು ನಿಲ್ಲಿಸೋಣ. ನೀರು ಬಂದಾಗ ಎಚ್ಚರಿಸಲು ಕಂಬಕ್ಕೆ ಒಂದು ಸ್ಪೀಕರ್ ಹಾಕೋಣ. ಮಳೆಗಾಲ ಮುಗಿಯುವ ಹೊತ್ತಿಗೆ ನಾನೇ ಬಂದು ನಿಂತು ನೋಡುತ್ತೇನೆ. ವಾಹನಗಳು ನಿಜಕ್ಕೂ ನಿಧಾನವಾಗುತ್ತಿದ್ದರೆ ಕಾಯಂ ಆರ್ಡರ್. ಇಲ್ಲವಾದರೆ ಯಾರೂ ಪಾಲಿಸದ ಬೋರ್ಡು ಯಾಕೆ, ಕಿತ್ತುಹಾಕುತ್ತೇವೆ.”

“ಸ್ಪೀಕರಿಗೆ ಯಾರ ಧ್ವನಿ?” ಎಂದು ಕೇಳಿದರು. ಅವತ್ತಿನ ಸಭೆಯಲ್ಲಿ ಎರಡು ಪಾರ್ಟಿಯೂ ಒಪ್ಪಿದ ಒಂದೇ ವಿಷಯ ಅದು.

“ನಾಗಭೂಷಣಂದು!”

ರಸ್ತೆಯ ಪಕ್ಕ ಕಂಬದ ಮೇಲೆ ಕಾಯಮ್ಮಾಗಿ ಕೂರುವ ಧ್ವನಿ. ನಾವು ಕೂಗುವವರಿಗೆ ಅದಕ್ಕಿಂತ ದೊಡ್ಡ ಪದವಿ ಇಲ್ಲ. ನಮ್ಮ ಮಾತು ಆಟೋ ತಿರುವಿನಲ್ಲಿ ಮರೆಯಾಗುವುದರೊಳಗೆ ಸತ್ತುಹೋಗುತ್ತದೆ. ನಾನು ಮನೆಗೆ ಹೋಗಿ ರೂಪಳಿಗೆ ಹೇಳಿದೆ. “ಒಳ್ಳೇದಾಯ್ತು, ಇನ್ಮೇಲೆ ನಮ್ಮಮ್ಮನ ಮನೆಗೆ ಹೋಗುವಾಗ ದಾರೀಲಿ ಕೇಳಬಹುದು” ಅಂದಳು.

ಬೋರ್ಡು ಬಂತು, ಸ್ಪೀಕರ್ ಬಂತು, ಹೊಳೆಯೂ ಬಂತು. “ಆತ್ಮೀಯ ವಾಹನ ಸವಾರರೇ, ಮುಂದೆ ಪ್ರವಾಹದ ನೀರು ಹರಿಯುತ್ತಿದೆ. ವೇಗದ ಮಿತಿ ಗಂಟೆಗೆ ಮೂವತ್ತು ಕಿಲೋಮೀಟರ್. ದಯವಿಟ್ಟು ಸಹಕರಿಸಿ.” ಹ-ಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಕಾಫಿಯಂತೆ ಹಬೆಯಾಡುತ್ತಿದ್ದವು. ಬಸ್ಸುಗಳು ಮೊದಲಿನ ವೇಗದಲ್ಲೇ ಹೋದವು. ಟೀ ಅಂಗಡಿಯಲ್ಲಿ ಜವರಾಯಿ ಹೇಳಿದ: “ಏನ್ ಭಾಷೆ ಅಂತೀಯಾ! ಪ್ಯಾಸೆಂಜರ್‌ಗೋಳು ಮಾತ್ ನಿಲ್ಸಿ ಕೇಳ್ತರೆ. ಒಂದಜ್ಜಿ ಕೈಮುಗೀತು.”

“ನಿಧಾನ ಮಾಡ್ದ್ಯಾ?” ಅಂದೆ.

“ಅದ್ಯಾರ್ಗೋ ಸವಾರರ್ಗೆ ಏಳ್ತಿದ್ದಂಗಿತ್ತಪ್ಪ. ನಾನು ಡ್ರೈವರ್ರು.”

ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ನಾಗಭೂಷಣ ಸೋತಿದ್ದ! ಆ ಸೋಲನ್ನು ಕಣ್ಣಾರೆ ನೋಡಿ ಬರೋಣವೆಂದು ಬೈಕಿನಲ್ಲಿ ದೋಣಿಮೂಲೆಗೆ ಹೋದೆ. ಅವನ ಧ್ವನಿ ಸಹಕರಿಸಿ ಸಹಕರಿಸಿ ಅನ್ನುತ್ತಿರುವಾಗಲೇ ಒಂದು ಬಸ್ಸು ಬಂತು, ಅಲೆ ಎದ್ದಿತು, ಸುಂದ್ರಮ್ಮನ ಗೋಡೆಯ ಬುಡದಿಂದ ಒಂದು ರೊಟ್ಟಿಯಗಲ ಮಣ್ಣು ಕಳಚಿ ನೀರಲ್ಲಿ ಕರಗಿತು. ಅವಳು ಅದನ್ನು ನೋಡುತ್ತಾ ಮಂಡಿ ನೀವಿಕೊಳ್ಳುತ್ತಿದ್ದಳು. ಸಂತೋಷ ಪಡಲು ಹೋದವನಿಗೆ ಗೋಡೆ ಅಡ್ಡ ಬಂತು.

“ಅವ್ವ, ಬಾ ನನ್ ಜೊತೆ,” ಎಂದೆ. “ನೀನು ಬಸ್ಸಿಗೆ ಕೂಗ್ತೀಯಲ್ಲ, ಅದ್ನೇ ಅಂಗಡೀಲಿ ಕೂಗು. ರೆಕಾರ್ಡ್ ಮಾಡ್ಕೊಂಡು ಕಂಬಕ್ಕೆ ಹಾಕಣ.”

ಅಂಗಡಿಯಲ್ಲಿ ಪುಟ್ಟಮಾದಪ್ಪನವರು ಮೈಕು ಮುಂದಿಟ್ಟರು. ಸುಂದ್ರಮ್ಮ ಗಂಟಲು ಸರಿಮಾಡಿಕೊಂಡು, ಥೇಟ್ ನಾಗಭೂಷಣನ ರಾಗದಲ್ಲಿ, “ಹಾತ್ಮೀಯ ಮಗನೇ” ಎಂದಳು. ಮೈಕಿನ ಮೇಲೆ ಟವೆಲ್ ಮುಚ್ಚಿದರು. ಮತ್ತೆ ಹಾತ್ಮೀಯ. ಮೈಕನ್ನು ಬೆಂಚಿನ ಕೆಳಗಿಟ್ಟು, ಈಗ ಮೈಕೇ ಇಲ್ಲ ಅಂದರು.

“ಇಲ್ಲ ಅಂದ್ರೆ ಇಲ್ದೆ ಓದದಾ? ಅದು ಕೇಳ್ತಾ ಕುಂತಿರೋದು ನಂಗೊತ್ತಲ್ಲ,” ಎಂದು ಬೆವರು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. “ನೀನೇ ಕೂಗ್ಲಾ ನನ್ನಂಗೆ. ಊರ್ನೆಲ್ಲ ಅಣಕುಸ್ತೀಯ, ನನ್ನೇನ್ ಬುಟ್ಟಿದ್ದೀಯಾ? ಡೈರೀಲಿ ಮಾಡಿ ತೋರ್ಸಿದ್ಯಂತಲ್ಲ, ನಂಗೆಲ್ಲ ಬಂದ್ ಏಳವ್ರೆ.”

ಈ ಕೆಲಸಕ್ಕೆ ಬರುವವರು ಇಲ್ಲಿ ಸ್ವಲ್ಪ ಕಿವಿಗೊಡಿ, ನನಗೆ ಗೊತ್ತಿರುವ ವಿದ್ಯೆ ಇಷ್ಟೇ. ಮೊದಲು ಅವಳ ಗಂಟಲನ್ನು ಹಿಡಿಯಲು ನೋಡಿದೆ. ನಾಟಕದ ಮುದುಕಿಯಂತೆ ಕೇಳಿತು. ಆಮೇಲೆ ನೆನಪಾಯಿತು, ಅವಳು ಕೂಗುವ ಮುಂಚೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾಳೆ, ಆಗ ನೋವಿಗೆ ಉಸಿರು ಒಳಕ್ಕೆ ಎಳೆಯುತ್ತದೆ, ‘ಲೇ’ ಹೊರಡುವುದು ಆ ಉಸಿರಿನ ತುದಿಯಿಂದ. ಅದು ಗಂಟಲಿನ ಕೂಗಲ್ಲ, ಮಂಡಿಯ ಕೂಗು. ನಾನು ಮಂಡಿ ಬಗ್ಗಿಸಿ, ಭಾರ ಬದಲಿಸಿ, ಕಣ್ಣಮುಂದೆ ಬಸ್ಸು ತಂದುಕೊಂಡು ಕೂಗಿದೆ.

“ಲೇ ಮಗಾ! ಒಳೆ ಬಂದದೆ, ಮೆಲ್ಗೋಗ್ಲಾ!”

ಸುಂದ್ರಮ್ಮ ತನ್ನ ಬಾಯಿಯ ಮೇಲೆ ಕೈ ಇಟ್ಟುಕೊಂಡು ನೋಡಿದಳು, ತಾನೇ ಕೂಗಿಬಿಟ್ಟೆನೇನೋ ಅನ್ನುವಂತೆ. ಪುಟ್ಟಮಾದಪ್ಪನವರು ಎದ್ದು ಹೋಗಿ ಎಲೆಅಡಿಕೆ ಉಗಿದು ಬಂದು, “ಯಾರ್ಗೂ ಏಳ್ಬ್ಯಾಡಿ. ಸುಂದ್ರಮ್ಮಂದು ಅಂತ್ಲೇ ಇರ್ಲಿ” ಅಂದರು. ಹೀಗೆ ಗುಟ್ಟು ಮೂವರದಾಯಿತು. ಈಗ ಬರೆಯಲು ಸುಂದ್ರಮ್ಮನ ಒಪ್ಪಿಗೆ ಇದೆ. ಇಷ್ಟುದ್ದ ಬರೆದದ್ದನ್ನು ಡ್ರೈವರುಗಳು ಓದುವುದಿಲ್ಲ ಎನ್ನುವುದು ಅವಳ ಧೈರ್ಯ. ಓದಿದ ನೀವು ಬಾಯಿ ಮುಚ್ಚಿಕೊಂಡಿರಿ.

ಕಂಬಕ್ಕೆ ಹೊಸ ಕೂಗು ಏರಿತು. ಬಸ್ಸುಗಳ ಕಾಲು ಸಡಿಲವಾಯಿತು. ಬೈಕಿನವರು ಹೌಹಾರಿ ಹಿಂದೆ ಮುಂದೆ ನೋಡಿದರು. ಲಾರಿಯೊಂದು ಪೂರ್ತಿ ನಿಂತೇಬಿಟ್ಟಿತಂತೆ, ಡ್ರೈವರ್ ಇಳಿದು “ಎಲ್ಲವ್ವ ಇದ್ದೀಯ?” ಎಂದು ಕೇಳಿದನಂತೆ. ಹಾಲಿನ ಸಂಘದಲ್ಲಿ ಸುಂದ್ರಮ್ಮನಿಗೆ ಹಾರ ಹಾಕಿದರು. ಹೊಳೆಯ ದಂಡೆಯ ಇನ್ನೊಂದು ಊರಿನವರು ಅಂಗಡಿಗೆ ಬಂದು, “ಆ ಯಮ್ಮನ್ನೇ ನಮ್ಗೂ ಕೂಗ್ಸಿಕೊಡಿ, ಈ ಮಾದೇಸ ಪಾದೇಸ ಬ್ಯಾಡ” ಅಂದರು. ನಾನು ಅಲ್ಲೇ ಕೂತು ವೈರ್ ಸುತ್ತುತ್ತಿದ್ದೆ.

ಜವರಾಯಿಯನ್ನು ಕೆಣಕಿ ನೋಡಿದೆ. “ಆ ಕೂಗೇನ್ ಮಹಾ? ನಾನ್ ಕೂಗಿದ್ರೆ ನಿಧಾನ ಮಾಡ್ತಿರಲಿಲ್ವಾ?”

“ನಿಂದಾ?” ಅಂದ. “ಅದು ಸುಂದ್ರಮ್ಮನೇ ನೀರಲ್ ನಿಂತವ್ಳೆ ಅನ್ನಂಗಾಯ್ತದೆ ಕಣ್ಲಾ. ಕಾಲು ತಾನಾಗೇ ಬ್ರೇಕಿಗೋಯ್ತದೆ. ನಿನ್ ತಮಾಸೆ ಅಂತ ಗೊತ್ತಾದ್ರೆ ಇನ್ನೊಂದ್ ಗೇರ್ ಆಕ್ತಿದ್ದೆ.”

ಮಳೆಗಾಲದ ಕೊನೆಗೆ ಇಂಜಿನಿಯರ್ ಬಂದರು. ಡ್ಯಾಮಿನಿಂದ ಇನ್ನೊಮ್ಮೆ ನೀರು ಬಿಟ್ಟಿದ್ದರು. ತಗ್ಗಿನಲ್ಲಿ ಹೊಳೆ ಸುಮ್ಮನೆ ನಿಂತಿತ್ತು. ಸುಂದ್ರಮ್ಮನ ಜಗಲಿಯ ಮೇಲೆ ಸಾಹೇಬರಿಗೆ ಕುರ್ಚಿ. ಹಾಲಿನವರು ಒಂದು ಕಡೆ, ಬಸ್ಸಿನವರು ಒಂದು ಕಡೆ, ರಜೆ ಹಾಕಿ ಬಂದ ಜವರಾಯಿ ನಡುವೆ. ಸಾಹೇಬರು ಒಂದೊಂದೇ ವಾಹನ ನೋಡುತ್ತಾ ಕೂತರು. ಎಲ್ಲವೂ ಕಂಬದ ಕೂಗಿಗೆ ತಲೆತಗ್ಗಿಸಿ ದಾಟಿದವು. ಅವರು ಜೇಬಿನಿಂದ ಪೆನ್ನು ತೆಗೆದಿದ್ದರು, ಇನ್ನೂ ಮುಚ್ಚಳ ಬಿಚ್ಚಿರಲಿಲ್ಲ.

ಆಗ ನಾಗಭೂಷಣ ಜನರ ಮಧ್ಯದಿಂದ ಬಂದು ಸುಂದ್ರಮ್ಮನಿಗೆ ಕೈಮುಗಿದ. “ಅಮ್ಮ, ನಾನು ಸೋತೆ. ಇಷ್ಟು ವರ್ಷ ಮೈಕು ಹಿಡಿದಿದ್ದೀನಿ, ಒಂದು ಬಸ್ಸನ್ನೂ ನಿಲ್ಲಿಸೋಕೆ ಆಗಲಿಲ್ಲ. ಇಂಥ ಕಂಠ ಕಲಿತು ಬರೋದಲ್ಲ. ಹುಟ್ಟಿ ಬರಬೇಕು.”

ಅವನ ಬಾಯಿಂದ ‘ಸೋತೆ’ ಅನ್ನುವ ಮಾತು ಕೇಳಲು ನಾನು ಎಷ್ಟು ವರ್ಷ ಕಾದಿದ್ದೆ! ಬಂತು. ಬಂದು ನನ್ನ ಮೂಗಿನ ಮುಂದೆಯೇ ಹಾದು ಸುಂದ್ರಮ್ಮನ ಮಡಿಲಿಗೆ ಬಿತ್ತು. ಅವಳು ನೆಲ ನೋಡುತ್ತಾ, “ಏ, ಬುಡಪ್ಪ” ಅಂದಳು.

“ಮಾದೇಸ ಇಲ್ಲೇ ಅವ್ನೆ!” ಎಂದು ಬಸ್ಸಿನ ಏಜೆಂಟೊಬ್ಬ ಕೂಗಿದ. “ಲೇ, ಎಲ್ರುನ್ನೂ ಮಾಡ್ತೀಯಲ್ಲ, ಸುಂದ್ರಮ್ಮನ್ನ ಮಾಡ್ಲಾ ನೋಡಣ!”

ಎಲ್ಲರೂ ತಿರುಗಿದರು. ನಾಗಭೂಷಣನೂ ನಗುತ್ತಾ, “ಹೌದು ಮಾದೇಶ, ಒಂದ್ಸಲ ಪ್ರಯತ್ನ ಮಾಡು” ಎಂದ. ಜವರಾಯಿ ಬೀಡಿ ಕೆಳಗಿಳಿಸಿ ನನ್ನನ್ನೇ ನೋಡುತ್ತಿದ್ದ. ಸುಂದ್ರಮ್ಮನ ಕೈ ಹಿಂದಕ್ಕೆ ಹೋಗಿ ಗೋಡೆಯನ್ನು ಮುಟ್ಟಿಕೊಂಡಿತು.

ನನ್ನ ಮಂಡಿ ತಾನಾಗಿಯೇ ಬಗ್ಗಲು ಹೊರಟಿತ್ತು. ಉಸಿರು ಒಳಕ್ಕೆ ಎಳೆದೂ ಆಗಿತ್ತು. ಒಂದೇ ಒಂದು ಕೂಗು, ಅಷ್ಟೆ. ಆ ಇಸ್ತ್ರಿ ಶರಟಿನವನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯುತ್ತಿತ್ತು.

ಮಂಡಿ ನೆಟ್ಟಗೆ ಮಾಡಿಕೊಂಡೆ. ಕೈ ಸೊಂಟದ ಮೇಲಿಟ್ಟು, ಕತ್ತು ಕೊಂಕಿಸಿ, ನಾಟಕದ ಮುದುಕಿಯಂತೆ ಕೀರಲಾಗಿ, “ಎಲೋ ಮಗನೇ, ಹೊಳೆ ಬಂದಿದೆ, ಮೆಲ್ಲಗೆ ಹೋಗೋ!” ಎಂದೆ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. “ಥೂ, ಅದ್ಯಾವ್ದೋ ಬೆಕ್ ಕೂಗ್ದಂಗದೆ,” ಎಂದು ಜವರಾಯಿ ಮತ್ತೆ ಬೀಡಿ ಹಚ್ಚಿದ. ಸಾಹೇಬರೂ ನಕ್ಕು, ಪೆನ್ನಿನ ಮುಚ್ಚಳ ಬಿಚ್ಚಿ, ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದರು.

ನಾಗಭೂಷಣ ನನ್ನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದ. “ಬೇಜಾರು ಮಾಡ್ಕೋಬೇಡ. ಅಲ್ಲಿ ಹ ಬರಬಾರದು ಮಾದೇಶ. ‘ಒಳೆ’ ಅನ್ನಬೇಕು. ನೀನು ಗಮನ ಇಟ್ಟು ಕೇಳೋದಿಲ್ಲ.”

ಅಷ್ಟರಲ್ಲಿ ನರಸೀಪುರದ ಕಡೆಯಿಂದ ಒಂದು ಬಸ್ಸು ಇಳಿದು ಬಂತು. ಕಂಬ ಕೂಗಿತು. ಬಸ್ಸು ಎಮ್ಮೆಯಂತೆ ನಿಧಾನವಾಗಿ ನೀರಿಗಿಳಿದು ದಾಟಿತು. ಸಣ್ಣದೊಂದು ಅಲೆ ಸುಂದ್ರಮ್ಮನ ಹೊಸ್ತಿಲ ತನಕ ಬಂದು, ಮುಟ್ಟಿ, ಹಿಂದಕ್ಕೆ ಹೋಯಿತು.

“ಕೇಳ್ದೆಯಾ?” ಎಂದ ನಾಗಭೂಷಣ, ಕಣ್ಣು ಮುಚ್ಚಿಕೊಂಡು. “ಕಂಠ ಅಂದ್ರೆ ಅದು.”

“ಊಂ” ಅಂದೆ.